ಜಲ್ಲಿಯೂ ಜಂಬವೂ

ಮಿನ್ನೆಸೋಟದಲ್ಲಿ ಊರಾಚೆ ಮನೆ ಕೊಂಡ ಕನ್ನಡಿಗ ಎಂಜಿನಿಯರನಿಗೆ ಮೊದಲ ಚಳಿಗಾಲ ಕಳೆದ ಮೇಲೆ ಒಂದು ಸತ್ಯ ಗೊತ್ತಾಗುತ್ತದೆ. ರಸ್ತೆಯಿಂದ ಮನೆಬಾಗಿಲವರೆಗೆ ಹಾಸಿದ್ದ ಜಲ್ಲಿ ಈಗ ದಾರಿಯಲ್ಲಿಲ್ಲ. ಹಿಮ ಬಳಿಯಲು ಬಂದವರು ಅದನ್ನೂ ಸೇರಿಸಿ ಬಳಿದು ಹುಲ್ಲಿನ ಮೇಲೆ ಹಾಕಿದ್ದಾರೆ. ಉಳಿದದ್ದು ಕೆಸರಿನಲ್ಲಿ ಹೂತಿದೆ. ಹೊಸದಾಗಿ ತರಿಸಬೇಕು, ಹರಡಬೇಕು.

ತರಿಸುವುದು ಫೋನಿನಲ್ಲೇ ಮುಗಿಯುತ್ತದೆ. ಹರಡಲು ಲೋಡರ್ ಬೇಕು. ತೀರ್ಥಹಳ್ಳಿಯಲ್ಲಿರುವ ಅಪ್ಪನ ಕಿವಿಗೆ ಈ ಸಮಸ್ಯೆ ಬಿದ್ದರೆ ಪರಿಹಾರ ತಕ್ಷಣ ಬರುತ್ತದೆ.

"ಜೆಸಿಬಿಗೆ ಹೇಳು ಮಾರಾಯ, ಒಂದು ಗಂಟೆ ಕೆಲಸ."

"ಇಲ್ಲಿ ಗಾಡಿ ಮಾತ್ರ ಬಾಡಿಗೆಗೆ ಕೊಡ್ತಾರೆ ಅಪ್ಪಯ್ಯ. ಓಡ್ಸೋದು ನಾವೇ."

"ನಾವೇ ಅಂದ್ರೆ?"

"ನಾನೇ."

ಫೋನು ಅಮ್ಮನ ಕೈಗೆ ಹೋಗುತ್ತದೆ.

ಅಪ್ಪನ ಗಾಬರಿಗೆ ಅರ್ಥವಿದೆ. ನಮ್ಮಲ್ಲಿ ಗಂಟೆ ಲೆಕ್ಕಕ್ಕೆ ಬರುವುದು ಯಂತ್ರವೊಂದೇ ಅಲ್ಲ, ಜೊತೆಗೆ ಡ್ರೈವರೂ ಬರುತ್ತಾನೆ. ಗೇಟಿನ ಅಗಲ, ತಲೆ ಮೇಲಿನ ಕರೆಂಟು ತಂತಿ, ಪಿಟ್ಟಿನ ಚಪ್ಪಡಿ ಎಲ್ಲವನ್ನೂ ಸೀಟಿನಲ್ಲಿ ಕೂತೇ ಕಣ್ಣಳತೆ ಮಾಡಿ, ಆಗುತ್ತೆ ಅಥವಾ ಆಗಲ್ಲ ಎಂದುಬಿಡುತ್ತಾನೆ. ಯಜಮಾನನಿಗೆ ಉಳಿಯುವುದು ಊರವರ ಜೊತೆ ನಿಂತು ನೋಡುವ ಕೆಲಸ. ಜೆಸಿಬಿ ಅಗೆಯುವುದನ್ನು ಕೆಲಸ ಬಿಟ್ಟು ನೋಡುವ ಈ ಚಟ 2019ರ ಮೇ ತಿಂಗಳಲ್ಲಿ ಟ್ವಿಟರಿನಲ್ಲಿ ದೇಶಕ್ಕೆ ದೇಶವೇ ನಗುವ ವಿಷಯವಾಗಿತ್ತು.

ಅಮೆರಿಕದ ಬಾಡಿಗೆ ಅಂಗಡಿಯಲ್ಲಿ ಆ ಕಣ್ಣಳತೆ ಸಿಗುವುದಿಲ್ಲ. ಹಿಂದೆ ನಿಂತು ನಡೆಸುವ ಮರಿ ಲೋಡರ್, ಒಳಗೆ ಕೂತು ಓಡಿಸುವ ನಡುಗಾತ್ರದ ಸ್ಕಿಡ್ ಸ್ಟೀರ್, ಅದರ ದೊಡ್ಡಣ್ಣ, ಹೀಗೆ ಎಲ್ಲವೂ ವಧುಪರೀಕ್ಷೆಗೆ ಕೂತಂತೆ ಸಾಲಾಗಿರುತ್ತವೆ. ಗಂಡಸಿನ ಕಣ್ಣು ನೇರವಾಗಿ ದೊಡ್ಡಣ್ಣನ ಮೇಲೆ. ಮನೆಯಾಕೆಯ ಪ್ರಶ್ನೆ ಬೇರೆ: "ಕೈಗಾಡಿಯಲ್ಲಿ ಆಗಲ್ವಾ?"

ಲೆಕ್ಕ ಹಾಕಿದರೆ ಇಬ್ಬರೂ ಸೋಲುತ್ತಾರೆ. 100 ಅಡಿ ಉದ್ದ, 10 ಅಡಿ ಅಗಲದ ದಾರಿಗೆ 4 ಇಂಚು ದಪ್ಪ ಹಾಸಲು ಸುಮಾರು 333 ಘನ ಅಡಿ ಜಲ್ಲಿ ಬೇಕು. ತೂಕ 15 ಟನ್ನಿನ ಹತ್ತಿರ. 6 ಘನ ಅಡಿಯ ಒಂಟಿಚಕ್ರದ ಕೈಗಾಡಿಯನ್ನು ತುಂಬ ತುಂಬಿದರೆ 250 ಕಿಲೋ ದಾಟುತ್ತದೆ. ಅದನ್ನು ತಳ್ಳಲು ಹೊರಟವನನ್ನು ಆಮೇಲೆ ಇನ್ನೊಂದು ಗಾಡಿಯಲ್ಲಿ ತಳ್ಳಬೇಕಾಗುತ್ತದೆ. ಅರ್ಧರ್ಧ ತುಂಬಿದರೆ ನೂರು ಸಲ ದಾಟಿ ಓಡಾಡಬೇಕು. ಮರಿ ಲೋಡರಿಗೆ ಎಪ್ಪತ್ತು, ಎಂಬತ್ತು ಬಕೆಟ್. ನಡುಗಾತ್ರದ್ದಕ್ಕೆ ಇಪ್ಪತ್ತು ಚಿಲ್ಲರೆ.

ದೊಡ್ಡಣ್ಣ ಇನ್ನೂ ಬೇಗ ಮುಗಿಸಬಹುದು. ಆದರೆ ಅವನ ಸ್ವಂತ ತೂಕವೇ ನಾಲ್ಕೈದು ಟನ್. ಸ್ಕಿಡ್ ಸ್ಟೀರಿನ ಚಕ್ರಗಳು ಕಾರಿನವುಗಳ ಹಾಗೆ ಓರೆಯಾಗುವುದಿಲ್ಲ. ಒಂದು ಬದಿಯ ಚಕ್ರ ಜೋರಾಗಿ, ಇನ್ನೊಂದು ಬದಿಯದು ನಿಧಾನವಾಗಿ ಅಥವಾ ಹಿಂದಕ್ಕೆ ತಿರುಗಿ, ಯಂತ್ರ ನೆಲವನ್ನು ಉಜ್ಜಿಕೊಂಡೇ ಹೊರಳುತ್ತದೆ. ನಾಲ್ಕು ಸಲ ಹೊರಳಿದರೆ ಹುಲ್ಲುಹಾಸು ಉಳುಮೆಯಾಗಿರುತ್ತದೆ. ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ ಎಂದು ಗೊತ್ತಿಲ್ಲದವನಿಗೆ ಅದೂ ಗೊತ್ತಾಗುತ್ತದೆ.

ಬಕೆಟ್ಟಿನ ಆಸೆಯೂ ಅಪಾಯವೇ. ಕಾಗದದ ಮೇಲೆ ಬರೆದಿರುವ ಎತ್ತುವ ಮಿತಿ, ಚಕ್ರದ ಲೋಡರುಗಳಲ್ಲಿ, ಯಂತ್ರ ಮುಂದಕ್ಕೆ ಮಗುಚುವ ಭಾರದ ಅರ್ಧದಷ್ಟು ಮಾತ್ರ. ಮರದ ಚೂರು ಎತ್ತಲೆಂದು ಮಾಡಿದ ಅಗಲ ಬಕೆಟ್ಟಿಗೆ ಒದ್ದೆ ಜಲ್ಲಿ ತುಂಬಿ ಮೇಲೆತ್ತಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಒಳಗೆ ಕೂತವನಿಗೆ ಆಗ ಕುಲದೇವರ ಹೆಸರು ತಾನಾಗಿ ನೆನಪಾಗುತ್ತದೆ.

ಈ ಯಂತ್ರ ಹುಟ್ಟಿದ್ದೂ ಇದೇ ಮಿನ್ನೆಸೋಟದಲ್ಲಿ, ಅದೂ ಚಿಕ್ಕದಾಗಿರಲೆಂದೇ. ಟರ್ಕಿ ಕೋಳಿ ಸಾಕುವ ರೈತನೊಬ್ಬ ರಾಥ್ಸೇ ಎಂಬಲ್ಲಿ ವರ್ಕ್‌ಶಾಪು ಇಟ್ಟಿದ್ದ ಸಿರಿಲ್ ಮತ್ತು ಲೂಯಿಸ್ ಕೆಲ್ಲರ್ ಸಹೋದರರ ಬಳಿ ಬಂದ. ಕೋಳಿಮನೆಯ ಕಂಬಗಳ ನಡುವೆ ನುಸುಳಿ ಗೊಬ್ಬರ ಬಳಿಯಬೇಕು, ಮಹಡಿಯ ಮೇಲೆ ನಡೆದರೂ ಅದು ಕುಸಿಯಬಾರದು ಎಂಬುದು ಅವನ ಬೇಡಿಕೆ. 1957ರಲ್ಲಿ ಅಣ್ಣತಮ್ಮಂದಿರು ಮೂರು ಚಕ್ರದ ಪುಟ್ಟ ಲೋಡರ್ ಕಟ್ಟಿಕೊಟ್ಟರು. ಮರುವರ್ಷ ನಾರ್ತ್ ಡಕೋಟದ ಮೆಲ್ರೋ ಕಂಪನಿ ಅದನ್ನು ಕೈಗೆತ್ತಿಕೊಂಡಿತು. 1960ರಲ್ಲಿ ನಾಲ್ಕು ಚಕ್ರ ಬಂತು, 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು.

ಇಷ್ಟೆಲ್ಲ ತಿಳಿದು, ಜಂಬ ನುಂಗಿಕೊಂಡು ನಡುಗಾತ್ರದ್ದನ್ನೇ ತಂದವನಿಗೆ ಜಲ್ಲಿ ಬಂದ ದಿನ ಇನ್ನೊಂದು ವಿಸ್ಮಯ ಕಾದಿರುತ್ತದೆ. ಟಿಪ್ಪರಿನ ಡ್ರೈವರ್ ಹಿಂಬಾಗಿಲು ಕೆಲವೇ ಇಂಚು ತೆರೆಯುವ ಹಾಗೆ ಸರಪಳಿ ಬಿಗಿದು, ತೊಟ್ಟಿ ಎತ್ತಿ, ನಿಧಾನವಾಗಿ ಮುಂದಕ್ಕೆ ಹೋಗುತ್ತಾನೆ. ಜಲ್ಲಿ ದಾರಿಯುದ್ದಕ್ಕೂ ತಾನೇ ಹಾಸಿಕೊಳ್ಳುತ್ತದೆ. ಕೇಳಿದರೆ ಬಹಳಷ್ಟು ಡ್ರೈವರುಗಳು ಇದನ್ನು ಮಾಡಿಕೊಡುತ್ತಾರೆ. ಕೇಳದಿದ್ದರೆ ಗೇಟಿನ ಮುಂದೆ ಗುಡ್ಡ ಹಾಕಿ ಹೋಗುತ್ತಾರೆ.

ಲೋಡರಿಗೆ ಉಳಿಯುವುದು ಬಕೆಟ್ಟನ್ನು ಬೋರಲು ಹಾಕಿ ಹಿಂದಕ್ಕೆ ಎಳೆದು ಸಮ ಮಾಡುವ ಕೆಲಸ. ಮಧ್ಯಾಹ್ನದ ಊಟಕ್ಕೆ ಮೊದಲೇ ಅದು ಮುಗಿಯುತ್ತದೆ. ಒಂದು ದಿನದ ಬಾಡಿಗೆಗೆ ಸಾಮಾನ್ಯವಾಗಿ ಮೀಟರಿನಲ್ಲಿ ಎಂಟು ಗಂಟೆ ಓಡಿಸಬಹುದು. ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ. ಅಷ್ಟರಲ್ಲಿ ವರ್ಷವಿಡೀ ಕೈಬೀಸುವುದಕ್ಕಷ್ಟೇ ಮೀಸಲಾಗಿದ್ದ ಪಕ್ಕದ ಮನೆಯಾತ ಎರಡು ಲೋಟ ಕಾಫಿ ಹಿಡಿದುಕೊಂಡು ಬೇಲಿ ದಾಟಿ ಬರುತ್ತಾನೆ. ಅವನ ಹಿತ್ತಲಲ್ಲಿ ಒಂದು ಮಣ್ಣಿನ ರಾಶಿ ಇದೆಯಂತೆ.