ಪರಗೃಹ ಬ್ಯಾಕಪ್ ಮೀಮಾಂಸೆ

ತನ್ನ ಕಡತಗಳ ನಕಲಿಗೆ ಗೂಢಲಿಪಿಯ ಬೀಗ ಜಡಿದು ಪರರ ಕಂಪ್ಯೂಟರಿನಲ್ಲಿಡುವುದು, ಅವರ ಬೀಗದ ಗಂಟನ್ನು ತನ್ನಲ್ಲಿ ಇಟ್ಟುಕೊಳ್ಳುವುದು. ಇದೇ ಪರಗೃಹ ಬ್ಯಾಕಪ್. ಮೂರು ನಕಲು, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ ಎಂಬ 3-2-1 ಸೂತ್ರವನ್ನು ಪ್ರಚಾರಕ್ಕೆ ತಂದವರು ಛಾಯಾಗ್ರಾಹಕ ಪೀಟರ್ ಕ್ರೋಗ್. ಆ ಒಂದು ಮನೆ ಯಾರದು ಎಂಬಲ್ಲಿಂದ ನಮ್ಮ ಜಿಜ್ಞಾಸೆ ಆರಂಭ.

ಇದು ಹೊಸ ವಿದ್ಯೆ ಎನ್ನುವುದು ಪೂರ್ವಪಕ್ಷ. ಅಲ್ಲ. ಏನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿ ಮುಚ್ಚಿ ಒಪ್ಪಿಸಿದ ಇಡುಗಂಟನ್ನು ಯಾಜ್ಞವಲ್ಕ್ಯ ಸ್ಮೃತಿ ಉಪನಿಧಿಗೆ ಸೇರಿಸಿದೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರ ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಅಂದರೆ ಎನ್‌ಕ್ರಿಪ್ಟೆಡ್ ಬ್ಯಾಕಪ್ಪಿನ ಕಾನೂನು ಇಂದಿನ ಬೀದರ್ ಜಿಲ್ಲೆಯಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಚರ್ಚೆಯಾಗಿತ್ತು. ಡಿಸ್ಕ್ ಬರುವುದಷ್ಟೇ ತಡವಾಯಿತು. ರಾಜ, ದೈವ, ಕಳ್ಳ ಈ ಮೂವರಿಂದ ಗಂಟು ಹೋದರೆ ಇಟ್ಟುಕೊಂಡವನು ಹೊಣೆಯಲ್ಲ ಎಂದೂ ಸ್ಮೃತಿ ಹೇಳುತ್ತದೆ. ಕರೆಂಟು ರಾಜನ ಲೆಕ್ಕಕ್ಕೋ ದೈವದ ಲೆಕ್ಕಕ್ಕೋ ಎಂಬಲ್ಲಿ ನನಗೂ ನನಗೂ ಭಿನ್ನಾಭಿಪ್ರಾಯವಿದೆ. ಮಿಕ್ಸಿಗೆ ಪ್ಲಗ್ ಸಾಲದೆ ಡಿಸ್ಕಿನ ವೈರು ಕಿತ್ತವರ ವಿಷಯದಲ್ಲಿ ಶಾಸ್ತ್ರ ಮೌನ.

ಬೀಗ ಗುಟ್ಟನ್ನು ಕಾಯುತ್ತದೆ, ಗಂಟನ್ನಲ್ಲ. ನಾನು ಒಬ್ಬನ ಗಂಟನ್ನು ಇಟ್ಟುಕೊಂಡೆ, ಅವನು ನನ್ನದನ್ನು ಸದ್ದಿಲ್ಲದೆ ಅಳಿಸಿದರೆ? ಮಿಶಿಗನ್ ವಿಶ್ವವಿದ್ಯಾಲಯದ ಲ್ಯಾಂಡನ್ ಕಾಕ್ಸ್ ಮತ್ತು ಬ್ರಯನ್ ನೋಬಲ್ 2003ರಲ್ಲಿ ಇದಕ್ಕೊಂದು ಪದ್ಧತಿ ಹೇಳಿದರು. ಅದರ ಹೆಸರು, ಓದುಗರು ನಂಬಬೇಕು, ಸಂಸಾರ. ನನ್ನ ಜಾಗ ನೀನು ಬಳಸಿದರೆ, ನಿನ್ನಲ್ಲಿ ಅಷ್ಟೇ ಜಾಗ ಹಿಡಿಯುವ ಒಂದು ಹಕ್ಕಿನ ಗಂಟನ್ನು ನಾನು ಇಡುತ್ತೇನೆ. ಅದರೊಳಗೆ ಅರ್ಥವಿಲ್ಲದ ಅಂಕಿಗಳು. ಒತ್ತಿ ಚಿಕ್ಕದು ಮಾಡಲಾಗದು, ಎಸೆಯಲೂ ಆಗದು. ಆಗಾಗ ‘ಇದೆಯಾ?’ ಎಂದು ಕೇಳಬೇಕು. ‘ಇದೆ’ ಎಂಬ ಬಾಯಿಮಾತು ನಡೆಯದು. ಪ್ರತಿಸಲ ಹೊಸ ಸಂಖ್ಯೆ ಕೊಟ್ಟು, ಅದರೊಡನೆ ಗಂಟನ್ನು ಬೆರೆಸಿ ಬರುವ ಹ್ಯಾಶ್ ಒಪ್ಪಿಸಿಕೊಳ್ಳಬೇಕು. ತನಗೆ ಬಂದ ಹಕ್ಕನ್ನು ತನಗೆ ಬಾಕಿಯಿರುವ ಮೂರನೆಯವನಿಗೆ ದಾಟಿಸಲೂಬಹುದು. ಹೀಗೆ ದಾಟುತ್ತ ದಾಟುತ್ತ ಅದು ಹೊರಟ ಮನೆಗೇ ಬಂದರೆ, ಎಲ್ಲರ ಲೆಕ್ಕ ಚುಕ್ತಾ, ಅಳಿಸಿಬಿಡಬಹುದು.

ಪ್ರಯೋಗಕ್ಕೆ ಶಿವಮೊಗ್ಗದ ಭಾಮೈದನನ್ನು ಒಪ್ಪಿಸಿದೆ. ಒಂದು ಟೆರಾಬೈಟನ್ನು ಸೆಕೆಂಡಿಗೆ 10 ಮೆಗಾಬಿಟ್ಟಿನಂತೆ ಕಳಿಸಲು ಒಂಬತ್ತು ದಿನ ದಾಟುತ್ತದೆ. ಪಾಡ್ಯದಂದು ಕೂತರೆ ನವರಾತ್ರಿ ಮುಗಿದು ದಶಮಿಗೆ ಏಳಬೇಕು. ಹಾಗಾಗಿ ಮೊದಲ ನಕಲು ಚಕ್ಕುಲಿ ಡಬ್ಬಿಯ ಜೊತೆ ರಾತ್ರಿ ಬಸ್ಸಿನಲ್ಲಿ ಹೋಯಿತು. ‘ಭಾವ, ಡಬ್ಬಿ ಬಂತು’ ಎಂದು ಬೆಳಿಗ್ಗೆಯೇ ಫೋನು. ಡಿಸ್ಕೂ ಬಂದಿದೆಯೆಂದು ನಾನೇ ಕೇಳಿ ತಿಳಿದುಕೊಂಡೆ. ಅವನ ಗಂಟು ನನ್ನದರ ಮೂರರಷ್ಟಿತ್ತು. ಮಿಕ್ಕ ಜಾಗಕ್ಕೆ ಸಂಸಾರ ಪದ್ಧತಿಯಂತೆ ನನ್ನ ಹಕ್ಕಿನ ಗಂಟನ್ನು ಅವನಲ್ಲಿಟ್ಟೆ.

‘ಅದರಲ್ಲೇನಿದೆ?’ ಎಂದು ಮನೆಯಾಕೆ ಕೇಳಿದಳು.

‘ಏನೂ ಇಲ್ಲ. ಉಪಯೋಗಕ್ಕೆ ಬಾರದು, ಎಸೆಯೋ ಹಾಗಿಲ್ಲ, ಬೇಕಾದರೆ ಇನ್ನೊಬ್ಬರಿಗೆ ದಾಟಿಸಬಹುದು’ ಎಂದೆ.

ಅವಳು ಎದ್ದು ಬೀರು ತೆಗೆದು, ಯಾರ ಅಳತೆಗೂ ಸಾಲದ ಒಂದು ಹಸಿರು ರವಿಕೆ ಕಣ ಹೊರತೆಗೆದಳು. ‘ಹೋದ ವರ್ಷ ಗೌರಿ ಹಬ್ಬಕ್ಕೆ ಪಕ್ಕದ ಮನೆಯವರಿಗೆ ನಾನೇ ಕೊಟ್ಟಿದ್ದು. ಮೊನ್ನೆ ಶಿವಮೊಗ್ಗದಲ್ಲಿ ತಮ್ಮನ ಮನೇಲಿ ತಾಂಬೂಲದ ಜೊತೆ ನನಗೇ ಬಂತು.’

ಚಕ್ರ ಪೂರ್ಣವಾಗಿದೆ, ಶಾಸ್ತ್ರದ ಪ್ರಕಾರ ಇದನ್ನೀಗ ಅಳಿಸಿಬಿಡಬಹುದು ಎಂದೆ.

‘ಅಳಿಸೋದ್ಯಾಕೆ? ನಾಳೆ ಶುಕ್ರವಾರ, ಯಾರಾದ್ರೂ ಬರ್ತಾರೆ’ ಎಂದು ಮಡಿಸಿ ಒಳಗಿಟ್ಟಳು.