ದೆವ್ವದ ಹತ್ತಿರ ಎರಡು ಬಾಟಲಿ ಸಾಲ

ನಮ್ಮ ಭಾವನವರ ವ್ಯಾನಿಗೆ 27 ವರ್ಷ. ಮದುವೆಗೆ ಬಂದ ವಯಸ್ಸು ಅನ್ನುತ್ತಾರೆ ಭಾವ. ವೃದ್ಧಾಶ್ರಮಕ್ಕೆ ಸೇರಿಸೋ ವಯಸ್ಸು ಅನ್ನುತ್ತಾಳೆ ಅಕ್ಕ. ಅವಳ ಸಿಟ್ಟಿಗೆ ಕಾರಣವಿದೆ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅದು ಮುನಿಸಿಕೊಂಡಾಗಲೆಲ್ಲ ಸೀಟು ಮಡಚಲು ಅಕ್ಕ ಇಳಿಯಬೇಕು, ಚಟ್ನಿಪುಡಿ ಡಬ್ಬಿಯ ಸಮೇತ.

ಈ ವ್ಯಾನಿನಲ್ಲಿ ನಾವು ಬೆಂಗಳೂರಿಂದ ಲೇಹ್‌ಗೆ ಹೊರಟೆವು. ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ ಓಡುವ 44ನೇ ಹೆದ್ದಾರಿಯನ್ನು ಜನ ಊರಿನ ಹೆಸರಲ್ಲಿ ನೆನೆಯುತ್ತಾರೆ, ನಾವು ಬಿಡಿಭಾಗಗಳ ಹೆಸರಲ್ಲಿ. ಕರ್ನೂಲು ಅಂದರೆ ಫ್ಯಾನ್ ಬೆಲ್ಟು, ಗ್ವಾಲಿಯರ್ ಅಂದರೆ ಸೆಲ್ಫ್ ಮೋಟಾರು. ನಾಗಪುರದಲ್ಲಿ ಬ್ರಿಟಿಷರ ಕಾಲದ ಝೀರೋ ಮೈಲ್ ಕಂಬವಿದೆಯಲ್ಲ, ಗೌರವಾರ್ಥ ವ್ಯಾನೂ ಅಲ್ಲೇ ಸೊನ್ನೆಗಿಳಿಯಿತು. ಇಷ್ಟು ಹಳೆಯ ಪೆಟ್ರೋಲ್ ಗಾಡಿ ದೆಹಲಿಯಲ್ಲಿ ಓಡುವಂತಿಲ್ಲವೆಂದು, ಸಾಲ ಕೊಟ್ಟವನ ಬೀದಿ ತಪ್ಪಿಸುವವರಂತೆ ಊರ ಹೊರಗಿಂದಲೇ ಸುತ್ತಿ ಹೋದೆವು. ಒಂದೊಂದು ಗ್ಯಾರೇಜಿನಲ್ಲೂ ಭಾವನ ಹಿಂದಿಗೆ ಒಂದೊಂದು ಸ್ಪೇರ್ ಪಾರ್ಟ್ ಸೇರಿ, ಮನಾಲಿ ತಲುಪುವಷ್ಟರಲ್ಲಿ ಅವರು ಕಾರ್ಬುರೇಟರ್ ವಿಷಯದಲ್ಲಿ ಭಾಷಣ ಮಾಡಬಲ್ಲವರಾಗಿದ್ದರು. ಊಟ ಮಾತ್ರ ಕೈಸನ್ನೆಯಲ್ಲೇ.

ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿಸುವ ಅಟಲ್ ಸುರಂಗ 2020ರಲ್ಲಿ ತೆರೆಯಿತು. ಉದ್ದ 9 ಕಿಲೋಮೀಟರು. “ನೋಡಯ್ಯಾ, ನನ್ನ ವ್ಯಾನಿಗೋಸ್ಕರ ಸರ್ಕಾರ ಬೆಟ್ಟಾನೇ ಕೊರೆಸಿದೆ” ಎಂದರು ಭಾವ. ಆದರೆ ಸುರಂಗ ದಾಟಿದ ಮೇಲೂ ಬೆಟ್ಟಗಳು ಮುಗಿಯಲಿಲ್ಲ. ಬಾರಾಲಾಚಾ ಘಾಟಿಯಲ್ಲಿ ಗಾಳಿ ತೆಳು. ನಮಗೆ ಏದುಸಿರು, ಗಾಳಿ ಸಾಲದೆ ಪೆಟ್ರೋಲೇ ಹೆಚ್ಚು ಕುಡಿದ ವ್ಯಾನಿಗೆ ಕರಿಹೊಗೆ.

ಮುಂದೆ ಗಾಟಾ ಲೂಪ್ಸ್, 21 ತಿರುವು. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ನಮ್ಮ ರೇಡಿಯೇಟರಿನ ಮುಚ್ಚಳವೋ, ಗುಟ್ಟು ನಿಲ್ಲದ ಬಾಯಿ. ಬುಸ್ಸೆಂದು ಎಲ್ಲವನ್ನೂ ಉಗುಳಿತು. ನಮ್ಮ ಕುಡಿಯುವ ನೀರೂ ಖಾಲಿ.

ಅಲ್ಲೇ ರಸ್ತೆ ಪಕ್ಕ ರಾಶಿ ರಾಶಿ ನೀರಿನ ಬಾಟಲಿ! ಕೆಟ್ಟುನಿಂತ ಲಾರಿ ಕಾಯುತ್ತ ಹಿಮದಲ್ಲಿ ಸತ್ತ ಕ್ಲೀನರ್ ಒಬ್ಬ ದಾರಿಹೋಕರ ಬಳಿ ನೀರು ಕೇಳುತ್ತಾನೆಂದು ಕಥೆ. ಅವನಿಗೆ ಜನ ಇಟ್ಟ ಎಡೆ ಅದು. ಭಾವ ಕೈಮುಗಿದು ಎರಡು ಬಾಟಲಿ ಎತ್ತಿಕೊಂಡರು. “ರೀ, ದೆವ್ವದ್ದು!” ಅಂದಳು ಅಕ್ಕ. “ಸಾಲ ಕಣೇ” ಅಂದರು ಭಾವ.

ಲೇಹ್‌ನಿಂದ ಮರಳಿ ಬರುವಾಗ ಬಡ್ಡಿ ಸೇರಿಸಿ ನಾಲ್ಕು ಬಾಟಲಿ ಇಟ್ಟೆವು. ವಿಚಿತ್ರವೆಂದರೆ ಬೆಂಗಳೂರಿನವರೆಗೆ ವ್ಯಾನು ಮತ್ತೆ ಕೆಮ್ಮಲೂ ಇಲ್ಲ. “ಅವನೂ ಕ್ಲೀನರ್ ತಾನೇ? ಸೀಟು ಮಡಚಿದ್ದು ಕಂಡರೆ ಕೈಕಟ್ಟಿ ಕೂರ್ತಾನೇನು?” ಎಂಬುದು ಭಾವನ ವಾದ. ನಾನು ನಕ್ಕೆ. ಅಕ್ಕ ನಗಲಿಲ್ಲ. ಅಂದಿನಿಂದ ಹಿಂದಿನ ಸೀಟಿನಲ್ಲಿ ಒಂದು ತುಂಬಿದ ಬಾಟಲಿ ಇಟ್ಟಿದ್ದಾಳೆ. ಎಷ್ಟೇ ಬಾಯಾರಲಿ, ನಾವು ಯಾರೂ ಅದನ್ನು ಮುಟ್ಟುವಂತಿಲ್ಲ.