ನಾಲ್ಕು ಅಂಕದ ಕ್ರಾಂತಿ

ಹದಿನೈದು ವರ್ಷದ ಮಕ್ಕಳಿಗೆ ಕ್ರಾಂತಿಯ ಪಾಠ ಮಾಡುವುದು ಅಪಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹೈಸ್ಕೂಲುಗಳಿಗೆ ವರ್ಷಾವರ್ಷ ಲೆನಿನ್ ಬಂದು ಹೋಗುತ್ತಾನೆ. ಒಂದು ಡೆಸ್ಕೂ ಅಲುಗಿದ್ದಿಲ್ಲ. ಝಾರ್ ದೊರೆಯ ದಬ್ಬಾಳಿಕೆ, ಮಹಾಯುದ್ಧದ ಸೋಲು, ರೊಟ್ಟಿಯ ಅಭಾವ, ಭೂಮಿ ಇಲ್ಲದ ರೈತ: ಕಾರಣ ನಾಲ್ಕು. ಅರಸೊತ್ತಿಗೆ ಹೋಯಿತು, ಯುದ್ಧ ಬಿಟ್ಟರು, ಜಮೀನು ಹಂಚಿದರು, ಸೋವಿಯತ್ ಒಕ್ಕೂಟ ಬಂತು: ಪರಿಣಾಮ ನಾಲ್ಕು. 1917ರಲ್ಲಿ ಸಿಕ್ಕ ಜಮೀನನ್ನು 1929ರ ನಂತರ ಸ್ಟಾಲಿನ್ ಸಾಮೂಹಿಕ ಕೃಷಿಯ ಹೆಸರಲ್ಲಿ ಕಿತ್ತುಕೊಂಡದ್ದು, 1932-33ರ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದು ಐದನೇ ಪಾಯಿಂಟ್. ಪ್ರಶ್ನೆ ಇರುವುದು ನಾಲ್ಕು ಅಂಕಕ್ಕೆ. ಐದನೆಯದನ್ನು ಬರೆದರೆ ಟೈಮ್ ವೇಸ್ಟು.

ಪೆಟ್ರೊಗ್ರಾಡ್ ಶಿವಮೊಗ್ಗ ಜಿಲ್ಲೆಯಲ್ಲಿಲ್ಲ ಎಂಬುದೇ ಈ ಪಾಠದ ದೊಡ್ಡ ಅನುಕೂಲ. ಝಾರನ ಮೊಮ್ಮಗ ನಮ್ಮ ಕ್ಲಾಸಿನಲ್ಲಿ ಕೂತಿರುವುದಿಲ್ಲ, ಅವನ ಅಪ್ಪ ಎಸ್‌ಡಿಎಂಸಿ ಅಧ್ಯಕ್ಷನಾಗಿರುವುದಿಲ್ಲ. ಹಾಗಾಗಿ ಹೊಸದಾಗಿ ಈ ಕಡೆ ಪೋಸ್ಟಿಂಗ್ ಆದ ಸಮಾಜ ವಿಜ್ಞಾನದ ಮೇಷ್ಟ್ರಿಗೆ ನನ್ನ ಸಲಹೆ ಇಷ್ಟೇ. ಕ್ರಾಂತಿಯನ್ನು ಎಷ್ಟು ಬೇಕಾದರೂ ಕಲಿಸಿ. ಮಕ್ಕಳು ಕಿಟಕಿಯಾಚೆ ನೋಡದಂತೆ ಎಚ್ಚರ ವಹಿಸಿ. ಇಲ್ಲಿ ತಾಲ್ಲೂಕಿಗೊಂದು ಬಿದ್ದಿದೆ.

ಹೊಸನಗರದ್ದು ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಸರ್ಕಾರ ಇಷ್ಟು ಕಂದಾಯ ತಂದೇ ತರುತ್ತೇನೆಂಬ ಶರತ್ತಿನ ಮೇಲೆ ಅಮಲ್ದಾರರನ್ನು ನೇಮಿಸುತ್ತಿತ್ತು. ಎಲ್ಲಿಂದ ತಂದೆ ಎಂದು ಕೇಳುವ ಪದ್ಧತಿ ಇರಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲ ಎಂದರು; ಬೂದಿ ಬಸವಪ್ಪ ಎಂಬಾತ ತಾನೇ ಕೆಳದಿಯ ವಾರಸುದಾರನೆಂದು ಮುಂದೆ ಬಂದ. ಪರಿಣಾಮವಾಗಿ 1831ರಲ್ಲಿ ಬ್ರಿಟಿಷರು ಇಡೀ ಮೈಸೂರಿನ ಆಡಳಿತ ವಹಿಸಿಕೊಂಡು 50 ವರ್ಷ ವಾಪಸು ಕೊಡಲಿಲ್ಲ. ದೊರೆಯ ಮೇಲೆ ಎದ್ದವರಿಗೆ ಸಿಕ್ಕಿದ್ದು ಕಮಿಷನರು. ಇದನ್ನೆಲ್ಲ ಹೇಳುತ್ತ ಕೂತರೆ ಯಾವನಾದರೂ ಹುಡುಗ ಈಗಿನ ಅಧಿಕಾರಿಗಳಿಗೂ ಟಾರ್ಗೆಟ್ ಇದೆಯಾ ಸಾರ್ ಎಂದು ಕೇಳಿಯಾನು. ಕ್ಷೇಮದ ದಾರಿ ಎಂದರೆ ನಗರದ ಕೋಟೆಗೆ ಟೂರ್ ಕರೆದೊಯ್ದು ಗ್ರೂಪ್ ಫೋಟೊ ತೆಗೆಸಿ ಕತ್ತಲಾಗುವುದರೊಳಗೆ ಮನೆ ಮುಟ್ಟಿಸುವುದು.

ಸಾಗರದ್ದು ಇನ್ನೂ ತೊಂದರೆಯದು, ಏಕೆಂದರೆ ಅದರ ಮೊಮ್ಮಕ್ಕಳು ಹಾಜರಿ ಪುಸ್ತಕದಲ್ಲಿದ್ದಾರೆ. ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಜಮೀನಿನ ಒಡೆಯರ ಕೊಳಗ ಸರ್ಕಾರದ ಕೊಳಗಕ್ಕಿಂತ ದೊಡ್ಡದಿತ್ತು. ಅಳೆದು ಕೊಟ್ಟದ್ದಕ್ಕೆ ರಸೀದಿ ಇರಲಿಲ್ಲ. ದೀವರ ಗೇಣಿದಾರರು ಕೇಳಿದ್ದು ಜಮೀನನ್ನಲ್ಲ, ಸರಿಯಾದ ಕೊಳಗವನ್ನು. ಅದಕ್ಕೆ ಉತ್ತರವಾಗಿ ಅವರನ್ನು ಗದ್ದೆಯಿಂದಲೇ ಎಬ್ಬಿಸಿದರು. 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ರೈತ ಸಂಘ, ಅದರ ಬೆನ್ನಿಗೆ ಶಾಂತವೇರಿ ಗೋಪಾಲಗೌಡರ ಸಮಾಜವಾದಿಗಳು ಸತ್ಯಾಗ್ರಹಕ್ಕೆ ಇಳಿದರು. ನೇಗಿಲು ಹೊತ್ತು ಗದ್ದೆಗೆ ಹೋಗುವುದು, ಅಲ್ಲಿಂದ ಸೀದಾ ಜೈಲಿಗೆ ಹೋಗುವುದು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು.

ಪರೀಕ್ಷಾ ದೃಷ್ಟಿಯಿಂದ ಇದು ತೀರಾ ಕಳಪೆ ಕ್ರಾಂತಿ. ಅರಮನೆಗೆ ಮುತ್ತಿಗೆಯಿಲ್ಲ, ಕೆಂಪು ಸೇನೆಯಿಲ್ಲ; ಕಮ್ಯುನಿಸ್ಟರದ್ದೂ ಅಲ್ಲ. ಮರುವರ್ಷ ಚುನಾವಣೆ ಬಂತು, ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಗೇಣಿದಾರನ ಭತ್ತಕ್ಕೆ ಎರಡು ಅಳತೆ ಇತ್ತು, ಮತಕ್ಕೆ ಒಂದೇ.

ಗೋಪಾಲಗೌಡರು ತೀರ್ಥಹಳ್ಳಿಯವರು. 1972ರಲ್ಲಿ ತೀರಿಕೊಂಡರು. ದೇವರಾಜ ಅರಸರ ಕಾಯ್ದೆ ಗೇಣಿಯನ್ನು ರದ್ದು ಮಾಡಿ ಜಮೀನನ್ನು ಸರ್ಕಾರದ ಮೂಲಕ ಉಳುವವನಿಗೆ ಕೊಟ್ಟದ್ದು 1974ರ ಮಾರ್ಚ್ 1ರಿಂದ. ರಷ್ಯಾದವರು ಬಂದೂಕು ಹಿಡಿದರು, ನಮ್ಮವರು ನಮೂನೆ 7 ಹಿಡಿದು ಡಿಕ್ಲರೇಷನ್ ಹಾಕಿದರು. ಒಡೆಯರ ಅನ್ನದ ಋಣ ಎಂದು ಹಾಕದೇ ಉಳಿದವರೂ ಇದ್ದರು. ಎರಡೆಕರೆ ಗೇಣಿಗೆ ಕೊಟ್ಟು ದಿನ ದೂಡುತ್ತಿದ್ದ ವಿಧವೆಯರೂ ಜಮೀನ್ದಾರರ ಲೆಕ್ಕಕ್ಕೆ ಸೇರಿ ಕಳೆದುಕೊಂಡರು. ಅಲ್ಲಿಗೆ ಕ್ರಾಂತಿ ಮುಗಿಯಲಿಲ್ಲ, ನಂಬರು ಬದಲಾಯಿತು. ಬಗರ್‌ಹುಕುಂ ಸಾಗುವಳಿಗೆ ನಮೂನೆ 50, ಆಮೇಲೆ 53, ಅದೂ ಸಾಲದೆ 57. ಇತಿಹಾಸ ಹಂತದಿಂದ ಹಂತಕ್ಕೆ ಸಾಗುತ್ತದೆ ಎಂದು ಮಾರ್ಕ್ಸ್ ಹೇಳಿದ್ದು ಸರಿ. ಪ್ರತಿ ಹಂತಕ್ಕೂ ತಾಲ್ಲೂಕು ಕಚೇರಿಯಲ್ಲಿ ಕ್ಯೂ ಇರುತ್ತದೆಂದು ಹೇಳುವುದನ್ನು ಮರೆತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರ ಮಕ್ಕಳು ಆ ಕ್ಯೂನಲ್ಲೇ ಮುದುಕರಾಗಿದ್ದಾರೆ. ಅರಣ್ಯ ಹಕ್ಕಿನ ಅರ್ಜಿಗೆ ಬುಡಕಟ್ಟಿನವರಲ್ಲದವರು 75 ವರ್ಷದ ದಾಖಲೆ ಒದಗಿಸಬೇಕು. ನಮ್ಮ ಮಕ್ಕಳು ಮನಸ್ಸಿಟ್ಟು ಇತಿಹಾಸ ಓದುವುದು ಅಜ್ಜನ ಹೆಸರಿನ ಕಾಗದ ಹುಡುಕುವಾಗ ಮಾತ್ರ.

ಇಷ್ಟು ತಡ ಸಹಿಸದೆ ಬಂದೂಕನ್ನೇ ನಂಬಿದವರೂ ಮಲೆನಾಡಿಗೆ ಬಂದರು. ಕರ್ನಾಟಕದ ಇತಿಹಾಸ ಬರೆದಿದ್ದ ಸಾಕೇತ್ ರಾಜನ್ 2005ರ ಫೆಬ್ರುವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಹತ್ತಿರ ಪೊಲೀಸರ ಗುಂಡಿಗೆ ಸತ್ತರು. 2025ರ ಜನವರಿಯಲ್ಲಿ ಉಳಿದವರಲ್ಲಿ ಆರು ಜನ ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿಯ ಎದುರು ಶರಣಾದರು. ಈ ನಡುವೆ ಆಗುಂಬೆಗೆ ಬಂದದ್ದು ನಕ್ಸಲ್ ನಿಗ್ರಹ ದಳದ ಕ್ಯಾಂಪು, ಹಕ್ಕುಪತ್ರ ಬರಲಿಲ್ಲ. ಕೊಳಗ ಹಿಡಿದವರಿಗೆ ಜಮೀನು, ಕೋವಿ ಹಿಡಿದವರಿಗೆ ಶರಣಾಗತಿ ಪ್ಯಾಕೇಜು. ಕಾರಣ-ಪರಿಣಾಮದ ಇಂಥ ಸ್ಪಷ್ಟ ಉದಾಹರಣೆ ಮಾಸ್ಕೋದಲ್ಲೂ ಸಿಗದು, ಆದರೂ ಹೇಳಬೇಡಿ. ಕೇಳಿದವರು ನಿಮ್ಮನ್ನು ಅರ್ಬನ್ ನಕ್ಸಲ್ ಎಂದಾರು. ಕಾಡಿನಲ್ಲಿದ್ದವರು ಖಾಲಿಯಾದ ಮೇಲೆ ಆ ಹುದ್ದೆಗೆ ಜನ ಬೇಕಾಗಿದ್ದಾರೆ.

ಕೊನೆಯ ಪರಿಣಾಮವೊಂದಿದೆ, ಅದನ್ನಂತೂ ಬಾಯಿ ಬಿಡಲೇಬೇಡಿ. ಅಂದು ಡಿಕ್ಲರೇಷನ್ ಹಾಕಿದವರ ಮೊಮ್ಮಗ ಇಂದು ಅಡಿಕೆ ತೋಟದ ಯಜಮಾನ. ಆಳುಗಳಿಗೆ ಈಗ ಸೊಕ್ಕು ಬಂದಿದೆ ಎಂಬ ಮಾತು ಒಡೆಯರ ಜಗುಲಿಯಿಂದ ಇಳಿದು ಅವನ ಜಗುಲಿ ಹತ್ತಿ ಕೂತಿದೆ. ಅಜ್ಜನ ಕಾಯ್ದೆಯಲ್ಲಿದ್ದ ಬೇಲಿಯನ್ನು, ಅಂದರೆ ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳಬಾರದೆಂಬ 79ಎ, 79ಬಿ ಕಲಮುಗಳನ್ನು, 2020ರಲ್ಲಿ ತೆಗೆದುಹಾಕಿದಾಗ ಮುಖ್ಯಮಂತ್ರಿ ಇದೇ ಜಿಲ್ಲೆಯ ಶಾಸಕರು. ಮೊಮ್ಮಗ ಬೀದಿಗಿಳಿಯಲಿಲ್ಲ; ಬೆಂಗಳೂರಿನ ಪಾರ್ಟಿ ಎಕರೆಗೆ ಎಷ್ಟು ಕೊಟ್ಟೀತು ಎಂದು ವಿಚಾರಿಸಿದ.

ಮತ್ತೆ, ಆ ತೋಟದಲ್ಲಿ ಕೊನೆ ಇಳಿಸುವವರು, ಅಡಿಕೆ ಸುಲಿಯುವವರು? 1974ರ ಕಾಯ್ದೆ ಜಮೀನು ಕೊಟ್ಟದ್ದು ಗೇಣಿದಾರನಿಗೆ. ಕೂಲಿಯವನಿಗೆ ಗೇಣಿಯೂ ಇರಲಿಲ್ಲ, ಆದ್ದರಿಂದ ತುಂಬಲು ನಮೂನೆಯೂ ಇರಲಿಲ್ಲ. ಅವನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಳೆ. ಪಾಠ ಮುಗಿದ ಮೇಲೆ ಎದ್ದು ನಿಂತು, "ಸಾರ್, ನಮ್ಮ ಮನೆಯವರದ್ದು ಯಾವ ನಮೂನೆ?" ಎಂದು ಕೇಳಿದರೆ ಗಾಬರಿಯಾಗಬೇಡಿ. ಅದು ಸಿಲೆಬಸ್ಸಿನಲ್ಲಿಲ್ಲಮ್ಮ, ಕೂತ್ಕೊ ಎನ್ನಿ.